ಸೂಜಿ ಮುಟ್ಟದ ನರ್ಸ್

ಕೆಲಸಕ್ಕೆ ಸೇರಿದ ಮೊದಲ ದಿನ ಮನಿಷಾಳ ಕೈಗೆ ಕೊಟ್ಟದ್ದು ಕಸಬರಿಗೆ.

ಅವಳು ನರ್ಸ್. ನಾಲ್ಕು ವರ್ಷ ಓದಿ ಪಾಸಾದವಳು. ಕೌನ್ಸಿಲ್‌ನಲ್ಲಿ ಹೆಸರು ಬರೆಸಿ ನಂಬರು ಪಡೆದವಳು. ಬಿಳಿ ಯೂನಿಫಾರ್ಮನ್ನು ಹಿಂದಿನ ದಿನವೇ ಒಗೆದು, ಇಸ್ತ್ರಿ ಮಾಡಿಸಿ, ಮಡಿಕೆ ಕೆಡದಂತೆ ತೂಗುಹಾಕಿಟ್ಟು, ಬೆಳಿಗ್ಗೆ ತೊಟ್ಟು ಬಂದವಳು. ಎರಡನೇ ಮಹಡಿಯ ವಾರ್ಡಿನ ಬಾಗಿಲಲ್ಲಿ ನಿಂತಾಗ ಮೇಟ್ರನ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮೂಲೆಯತ್ತ ಬೆರಳು ತೋರಿಸಿದಳು.

"ಇವತ್ತ ಆಯಾ ಬಂದಿಲ್ಲ. ಹನ್ನೆರಡನೇ ಬೆಡ್ಡಿನವ ವಾಂತಿ ಮಾಡ್ಯಾನ. ಬಳದು ಬಿಡು."

ಒಂದು ದಿನದ ಮಾತು ಅಂದುಕೊಂಡು ಮನಿಷಾ ಬಳಿದಳು. ಎರಡನೇ ದಿನವೂ ಆಯಾ ಬರಲಿಲ್ಲ. ಮೂರನೇ ದಿನ ಗೊತ್ತಾಯಿತು. ಆಯಾ ಕೆಲಸ ಬಿಟ್ಟು ಹೋಗಿ ತಿಂಗಳಾಗಿತ್ತು. ಆ ಜಾಗಕ್ಕೆ ಬೇರೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಮನಿಷಾಳನ್ನು ತೆಗೆದುಕೊಂಡಿದ್ದರು.

ಅವಳ ಜೊತೆಗೇ ಇನ್ನಿಬ್ಬರು ಹುಡುಗಿಯರು ಸೇರಿದ್ದರು. ಇಬ್ಬರೂ ಅವಳ ಕಾಲೇಜಿನವರು. ಪರೀಕ್ಷೆಯಲ್ಲಿ ಇಬ್ಬರೂ ಅವಳಿಗಿಂತ ಹಿಂದೆ. ಮೊದಲ ದಿನವೇ ಅವರ ಕೈಗೆ ಇಂಜೆಕ್ಷನ್ ಟ್ರೇ ಕೊಟ್ಟು ಮೂರನೇ ಮಹಡಿಗೆ ಕಳಿಸಿದ್ದರು.

ಈ ಕೆಲಸ ಸಿಗುವ ಮೊದಲು ಮನಿಷಾ ಆರು ಆಸ್ಪತ್ರೆಗಳ ಮೆಟ್ಟಿಲು ಹತ್ತಿದ್ದಳು. ಗುಂಜಿಯಲ್ಲಿ ಬೆಳಗಿನ ರೈಲು ಹತ್ತುವುದು, ಖಾನಾಪುರ ದಾಟಿ, ದೇಸೂರದಲ್ಲಿ ಕ್ರಾಸಿಂಗಿಗೆಂದು ಗಾಡಿ ನಿಂತುಬಿಟ್ಟರೆ ಗಡಿಯಾರ ನೋಡುತ್ತ ಕೂರುವುದು, ಬೆಳಗಾವಿಯಲ್ಲಿ ಇಳಿದು ಓಡುವುದು. ಎಲ್ಲರೂ ಅನುಭವ ಕೇಳಿದರು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ಒಂದು ಕಡೆ ಕೇಳಿಯೂ ಬಿಟ್ಟಳು. ಅಲ್ಲಿ ಬಾಗಿಲು ತೋರಿಸಿದರು.

ಏಳನೆಯದು ರಾಮತೀರ್ಥ ನಗರದ ಬಾಜು ಎದ್ದು ನಿಂತ ನಾಲ್ಕು ಮಹಡಿಯ ಖಾಸಗಿ ಆಸ್ಪತ್ರೆ. ಮ್ಯಾನೇಜರ್ ಸಂಜಯ ಅವಳ ಕಾಗದಗಳನ್ನು ಒಂದೊಂದಾಗಿ ತಿರುವಿದ. ಅಂಕಗಳ ಮೇಲೆ ಅವನ ಕಣ್ಣು ನಿಲ್ಲಲಿಲ್ಲ. ಹೆಸರಿನ ಮೇಲೆ ನಿಂತಿತು.

"ಮನಿಷಾ ಕರೆಪ್ಪ ಮಾದರ. ಮಾದರ ಅಂದ್ರ, ಅದಽ ಏನು?"

"ಹೌದ್ರಿ. ಅದಽ."

"ನಾವು ಅದನ್ನೆಲ್ಲ ನೋಡೂದಿಲ್ಲ ಬಿಡು," ಎಂದ ಸಂಜಯ. ನೋಡಿದ ಮೇಲೆ ಅಂದ.

ಮೂಲ ಸರ್ಟಿಫಿಕೇಟುಗಳನ್ನು ತೆಗೆದು ನೀಲಿ ಫೈಲಿನಲ್ಲಿಟ್ಟು ಬೀರುವಿಗೆ ಹಾಕಿ ಕೀಲಿ ಹಾಕಿದ. ಎರಡು ವರ್ಷ ಕೆಲಸ ಬಿಡುವಂತಿಲ್ಲ, ಬಿಟ್ಟರೆ ಕಾಗದ ಸಿಗುವುದಿಲ್ಲ ಎಂದ. ಅವಳು ತಲೆಯಾಡಿಸಿದಳು. ಆರು ಕಡೆ ಇಲ್ಲ ಅನ್ನಿಸಿಕೊಂಡು ಬಂದವಳು ಬೇರೆ ಏನು ಮಾಡುತ್ತಾಳೆ?

ಅಪ್ಪ ಕರೆಪ್ಪ ಗುಂಜಿಯ ರೈಲು ಹಳಿಗಳ ಮೇಲೆ ಗುತ್ತಿಗೆದಾರನ ಕೈಕೆಳಗೆ ಖಡಿಕಲ್ಲು ಹೊರುವವನು. ಅಂಗೈ ತುಂಬ ದಡ್ಡುಗಟ್ಟಿತ್ತು. ಅವ್ವ ಸಾವಂತ್ರವ್ವ ಸೂಲಗಿತ್ತಿ. ಊರಿಗೆ ಆಂಬ್ಯುಲೆನ್ಸ್ ಬರುವ ಮೊದಲು ಸುತ್ತಲಿನ ಎಂಟು ಹಳ್ಳಿಗಳ ಕೂಸುಗಳು ಅವಳ ಕೈಯಲ್ಲಿ ಹುಟ್ಟಿದ್ದವು. ಹಿತ್ತಲ ಬಾಗಿಲಿಂದ ಒಳಗೆ ಕರೆಯುತ್ತಿದ್ದರು. ಹೆರಿಗೆ ಆಗುತ್ತಿತ್ತು. ಹೊಕ್ಕಳ ಹುರಿ ಕೊಯ್ದು, ಕಸ ಹೂತು, ರಕ್ತದ ಬಟ್ಟೆ ಒಗೆದು ಅವಳು ಹೊರಬಿದ್ದ ಮೇಲೆ ನೆಲಕ್ಕೆ ಸೆಗಣಿ ಸಾರಿಸುತ್ತಿದ್ದರು. ಕೂಸು ಮುಟ್ಟಿದ ಕೈಗೆ ಹಳೆಯ ಸೀರೆಯೊಂದನ್ನು ಮೇಲಿಂದ ಬಿಡುತ್ತಿದ್ದರು.

ಮಗಳು ನರ್ಸ್ ಆದರೆ ಮುಂಬಾಗಿಲಿಂದ ಒಳಗೆ ಹೋಗುತ್ತಾಳೆ ಎಂದು ಸಾವಂತ್ರವ್ವ ನಂಬಿದ್ದಳು.

ಮನಿಷಾ ಮುಂಬಾಗಿಲಿಂದಲೇ ಹೋದಳು. ಒಳಗೆ ಹೋಗಿ ಮಲ ಬಳಿದಳು. ಬೆಡ್‌ಪ್ಯಾನ್ ಎತ್ತಿದಳು. ಕೀವು ತುಂಬಿದ ಹತ್ತಿ ಬಾಚಿದಳು. ಸತ್ತವರ ಮೈ ತೊಳೆದು, ಕಾಲಿನ ಹೆಬ್ಬೆರಳು ಎರಡನ್ನೂ ಜೋಡಿಸಿ ಕಟ್ಟಿದಳು. ಫಿನಾಯಿಲಿಗೆ ಅವಳ ಬೆರಳ ಸಂದಿಯ ತೊಗಲು ಸುಲಿದು ಬಂತು. ಊಟಕ್ಕೆ ಕೂತರೆ ಅನ್ನ ಫಿನಾಯಿಲು ನಾರುತ್ತಿತ್ತು.

ಹದಿನೈದು ದಿನವಾದ ಮೇಲೆ ಮೇಟ್ರನ್‌ಳ ಮುಂದೆ ನಿಂತು ಕೇಳಿದಳು.

"ಮೇಡಂ, ನನಗ ಯಾವಾಗ ಟ್ರೇ ಕೊಡತೀರಿ?"

"ಯಾಕ, ಈ ಕೆಲಸಾ ಮಾಡಾಕ ಬರೂದಿಲ್ಲೇನು?"

"ಬರತೈತ್ರಿ. ನಾ ಕಲತದ್ದು ಬ್ಯಾರೆ ಐತಿ."

"ಕಲತದ್ದು ಎಲ್ಲಿ ಹೋಗೂದಿಲ್ಲ," ಎಂದು ಮೇಟ್ರನ್ ಚಹಾ ಕುಡಿದಳು. "ನಿಮ್ಮ ಮಂದಿಗೆ ಇದು ರೂಢಿ ಇರತೈತಿ. ಬ್ಯಾರೆ ಹುಡಿಗ್ಯಾರಿಗೆ ಹೇಳಿದ್ರ ವಾಂತಿ ಮಾಡಕೋತಾರ."

ಮನಿಷಾ ತಿರುಗಿ ಬಂದಳು. ಶೌಚಾಲಯದ ಬಾಗಿಲು ಹಾಕಿಕೊಂಡು ಗೋಡೆಗೆ ಮುಷ್ಟಿಯಿಂದ ಗುದ್ದಿದಳು. ಬೆರಳ ಗಂಟು ಒಡೆಯಿತು. ನಲ್ಲಿಯ ಕೆಳಗೆ ಕೈ ಹಿಡಿದು ತೊಳೆದುಕೊಂಡು ಹೊರಗೆ ಬಂದು ಮತ್ತೆ ಕಸಬರಿಗೆ ಹಿಡಿದಳು. ಬೀರುವಿನಲ್ಲಿ ನೀಲಿ ಫೈಲು ಇತ್ತು.

ಆ ವಾರ್ಡಿನಲ್ಲಿ ಅವಳ ಜೊತೆ ಮನುಷ್ಯರ ಹಾಗೆ ಮಾತಾಡಿದವಳು ಅನುಜಾ ಒಬ್ಬಳು. ವರ್ಷದ ಹಿಂದೆ ಸೇರಿದ ಸ್ಟಾಫ್ ನರ್ಸ್. ಅಪ್ಪ ಆದಿನಾಥನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಬಸದಿಗೆ ಹೋಗಿ ಬಂದು ಡ್ಯೂಟಿಗೆ ಬರುತ್ತಿದ್ದಳು. ತನ್ನ ಡಬ್ಬಿಯ ಚಪಾತಿ ಮುರಿದು ಮನಿಷಾಳಿಗೆ ಕೊಡುತ್ತಿದ್ದಳು. ಆದರೆ ಅವಳೂ ಮೇಟ್ರನ್ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಮೂವತ್ತೊಂದು ರೋಗಿಗಳಿಗೆ ಅವಳು ಒಬ್ಬಳೇ ನರ್ಸ್. ಓಡಿ ಓಡಿ ಅವಳ ಹಿಮ್ಮಡಿ ಒಡೆದಿದ್ದವು.

ಐದನೇ ವಾರ ಏಳನೇ ನಂಬರಿನ ಖಾಸಗಿ ಕೋಣೆಗೆ ದುಂಡಪ್ಪಗೌಡ ಬಂದ.

ಗುಂಜಿಯವನೇ. ಎರಡು ಸಲ ಪಂಚಾಯತಿ ಆಳಿದವನು. ಸಕ್ಕರೆ ಕಾಯಿಲೆ. ತೋಟದ ಮುಳ್ಳುತಂತಿ ತಾಗಿ ಬಲಗಾಲು ಕೊಳೆತು, ಎರಡು ಬೆರಳು ಕತ್ತರಿಸಿದ್ದರು. ಜೊತೆಗೆ ಮಗ ಬಾಳೇಶ. ಇಪ್ಪತ್ತೆಂಟರ ಗಟ್ಟಿ ಆಳು.

ಅವತ್ತು ಅನುಜಾಳಿಗೆ ಕೈ ಬಿಡುವಿರಲಿಲ್ಲ. ಬಿಪಿ ನೋಡಿ ಬಾ ಎಂದು ಮನಿಷಾಳನ್ನು ಕಳಿಸಿದಳು. ಗೌಡ ತೋಳು ಚಾಚಿದ. ಮುಖ ನೋಡಿದ. ತೋಳು ಹಿಂದಕ್ಕೆ ಎಳೆದುಕೊಂಡ.

"ನೀ ಸಾವಂತ್ರಿ ಮಗಳಲ್ಲ?"

"ಹೌದ್ರಿ ಗೌಡ್ರ. ಇಲ್ಲಿ ನರ್ಸ್ ಆಗಿ ಸೇರೇನ್ರಿ."

ಬಾಳೇಶ ಎದ್ದು ಹೋಗಿ ಮೇಟ್ರನ್‌ಳನ್ನು ಕರೆತಂದ.

"ಊರಾಗ ಇವರು ನಮ್ಮ ಕಟ್ಟಿ ಹತ್ತಂಗಿಲ್ಲ," ಎಂದ ಗೌಡ. "ಇಲ್ಲಿ ರೊಕ್ಕಾ ಕೊಟ್ಟು ಇವರ ಕೈಲೆ ಚುಚ್ಚಿಸ್ಕೋಬೇಕೇನು?"

"ಇಲ್ರಿ ಗೌಡ್ರ. ಅಕಿ ಬರೇ ಸ್ವಚ್ಛ ಮಾಡಾಕ ಬರತಾಳ. ಇಂಜೆಕ್ಷನ್ನೆಲ್ಲಾ ಬ್ಯಾರೆ ಸಿಸ್ಟರ್ ನೋಡತಾರ."

"ಅದು ನಡೀತೈತಿ."

ಅದು ನಡೆಯಿತು. ದಿನಕ್ಕೆ ನಾಲ್ಕು ಸಲ ಮನಿಷಾ ಏಳನೇ ಕೋಣೆಗೆ ಹೋದಳು. ನೂರು ಕಿಲೋ ಮೈಯನ್ನು ಒಬ್ಬಳೇ ಹೊರಳಿಸಿದಳು. ಕುಂಡಿ ಒರೆಸಿದಳು. ಹಾಸಿಗೆ ಬದಲಿಸಿದಳು. ಅವಳು ಹಿಡಿದ ಕಡೆಯಲ್ಲೆಲ್ಲ ಬಾಳೇಶ ಸ್ಯಾನಿಟೈಸರ್ ಹೊಡೆಯುತ್ತ ಹಿಂದೆ ಬರುತ್ತಿದ್ದ. ಬಾಗಿಲ ಹಿಡಿಗೆ, ಮಂಚದ ಕಂಬಿಗೆ. ಒಂದು ದಿನ ಅವಳ ಮುಖಕ್ಕೇ ಹೊಡೆದ. ಎರಡೂ ಕಣ್ಣು ಉರಿದವು. ಅವಳು ಕೈಯಲ್ಲಿ ಬೆಡ್‌ಪ್ಯಾನ್ ಹಿಡಿದಿದ್ದಳು, ಒರೆಸಿಕೊಳ್ಳಲು ಕೈ ಇರಲಿಲ್ಲ. ಅಪ್ಪ ಮಗ ಇಬ್ಬರೂ ನಕ್ಕರು.

ಅವಳು ಬೆಡ್‌ಪ್ಯಾನ್ ಕೆಳಗಿಡಲಿಲ್ಲ. ಅದನ್ನು ಆ ಮುಖಗಳ ಮೇಲೆ ಎಸೆಯಲಿಲ್ಲ ಯಾಕೆ ಎಂದು ಮುಂದೆ ಎಷ್ಟೋ ಸಲ ಅವಳು ತನ್ನನ್ನೇ ಬೈದುಕೊಂಡಳು.

ಎಂಟನೇ ದಿನ, ಮಧ್ಯಾಹ್ನ. ಗೌಡನ ಸಕ್ಕರೆ ನಾನೂರರ ಮೇಲಿತ್ತು. ದೊಡ್ಡ ಡಾಕ್ಟರು ಆಪರೇಷನ್ ಕೋಣೆಯಿಂದಲೇ ಫೋನಿನಲ್ಲಿ, ಇನ್ಸುಲಿನ್ ಎರಡರಷ್ಟು ಕೊಡು ಎಂದರು. ಅನುಜಾ ಕೊಟ್ಟಳು. ಬೆಳಗಿನ ಪಾಳಿಯವರು ಆಗಲೇ ಒಂದು ಸಲ ಕೊಟ್ಟಿದ್ದರು, ಚೀಟಿಯಲ್ಲಿ ಬರೆದಿರಲಿಲ್ಲ. ಸ್ಕ್ಯಾನಿಂಗ್ ಇದೆ ಎಂದು ಗೌಡನಿಗೆ ಬೆಳಗಿನಿಂದ ಊಟವನ್ನೂ ಕೊಟ್ಟಿರಲಿಲ್ಲ.

ಒಂದು ತಾಸಿನ ಮೇಲೆ ಮನಿಷಾ ಬೆಡ್‌ಪ್ಯಾನ್ ತೆಗೆಯಲು ಹೋದಳು. ಗೌಡನ ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಕೈ ನಡುಗುತ್ತಿದ್ದವು. ತುಟಿ ಏನೋ ಹೇಳುತ್ತಿದ್ದವು, ಮಾತು ಕೂಡುತ್ತಿರಲಿಲ್ಲ. ಅವಳು ಮುಂಗೈ ಹಿಡಿದು ನಾಡಿ ನೋಡಿದಳು. ಓಡುತ್ತಿತ್ತು. ಎರಡನೇ ವರ್ಷ ಓದಿದ್ದು, ಕಾಲೇಜಿನ ವಾರ್ಡಿನಲ್ಲಿ ಕಣ್ಣಾರೆ ಕಂಡದ್ದು, ಎಲ್ಲ ಒಂದೇ ಸಲಕ್ಕೆ ತಲೆಗೆ ಬಂತು.

"ಸಕ್ರಿ ಬಿದ್ದೈತ್ರಿ ಇವರಿಗೆ," ಎಂದಳು ಬಾಳೇಶನಿಗೆ. "ಸಕ್ರಿ ಇದ್ರ ಒಂಚೂರು ವಸಡಿಗಿ ತಿಕ್ಕ್ರಿ. ನಾ ಗ್ಲುಕೋಸ್ ತರತೇನಿ. ಲಗೂ ಮಾಡ್ರಿ."

ಬಾಳೇಶ ಮೊಬೈಲಿನಿಂದ ತಲೆ ಎತ್ತಿದ.

"ಸಕ್ರಿ ಬ್ಯಾನಿ ಇದ್ದವಗ ಸಕ್ರಿ ಹಾಕ ಅಂತಿ? ಕೊಲ್ಲಾಕ ನಿಂತೀಯೇನ? ಕೈ ಬಿಡು ಮೊದಲ."

ಅವಳು ಅನುಜಾಳ ಕಡೆ ಓಡಿದಳು. ವಾರ್ಡಿನ ಇನ್ನೊಂದು ತುದಿಯಲ್ಲಿ ಅನುಜಾ ಒಬ್ಬ ಮುದುಕನ ಎದೆ ಒತ್ತುತ್ತಿದ್ದಳು. ಅವನ ಉಸಿರು ನಿಂತಿತ್ತು. ಅವಳು ಕೈ ತೆಗೆಯುವಂತಿರಲಿಲ್ಲ.

"ನೀನಽ ಕೊಡು," ಎಂದಳು ಅನುಜಾ. "ಟ್ರೇದಾಗ ಐತಿ. ಓಡು."

ನಲವತ್ತು ದಿನಗಳಲ್ಲಿ ಮೊದಲ ಸಲ ಮನಿಷಾ ಸಿರಿಂಜು ಹಿಡಿದಳು. ಗ್ಲುಕೋಸ್ ಎಳೆದುಕೊಂಡಳು, ಗಾಳಿ ಹೊರಗೆ ಹಾಕಿದಳು, ಓಡಿ ಬಂದಳು. ಗೌಡನ ಕೈಗೆ ಸಲೈನಿನ ಸೂಜಿ ಆಗಲೇ ಇತ್ತು. ಅದಕ್ಕೆ ಜೋಡಿಸಿ ಒತ್ತಿದರೆ ಆಯಿತು. ಎರಡು ನಿಮಿಷದ ಕೆಲಸ.

ಬಾಳೇಶ ಅವಳ ಕೈಗೆ ಒದ್ದ. ಸಿರಿಂಜು ಹಾರಿ ಗೋಡೆಗೆ ಬಡಿದು ಮಂಚದ ಕೆಳಗೆ ಹೋಯಿತು. ಕಪಾಳಕ್ಕೆ ಹೊಡೆದ. ಜಾತಿ ಹಿಡಿದು ಬೈದ. ಜಡೆ ಹಿಡಿದು ಎಳೆದು ಹೊರಗೆ ನೂಕಿ ಒಳಗಿನಿಂದ ಅಗುಳಿ ಹಾಕಿದ.

ಅವಳು ಎರಡೂ ಕೈಯಿಂದ ಬಾಗಿಲು ಬಡಿದಳು.

"ಸಾಯ್ತಾರ್ರಿ ಅವರು. ಬಾಗಿಲಾ ತಗೀರಿ. ಸಾಯ್ತಾರ ಅವರು."

ಮೇಟ್ರನ್ ಬಂದಳು. "ವಾರ್ಡಿನ್ಯಾಗ ಏನ ಗದ್ಲ ಇದು? ಆ ರೂಮಿನ್ಯಾಗ ಸ್ವಚ್ಛ ಮಾಡೂದ ಬಿಟ್ಟು ಬ್ಯಾರೆ ಏನೂ ಮುಟ್ಟಬ್ಯಾಡ ಅಂತ ಹೇಳಿಲ್ಲೇನ ನಿನಗ?" ಎಂದು ತೋಳು ಹಿಡಿದು ಎಳೆದಳು. ಮನಿಷಾ ಹೇಳಿದಳು. ಮೇಟ್ರನ್ ಕೇಳಲಿಲ್ಲ. ಅವಳು ಮತ್ತೆ ಹೇಳಿದಳು.

ಹದಿನೈದು ನಿಮಿಷದ ಮೇಲೆ ಬಾಗಿಲು ಒಳಗಿನಿಂದ ತೆರೆಯಿತು. ಬಾಳೇಶ ಡಾಕ್ಟರ್ ಡಾಕ್ಟರ್ ಎಂದು ಕೂಗುತ್ತ ಹೊರಗೆ ಬಂದ. ಒಳಗೆ ಗೌಡ ಮಂಚದ ಮೇಲೆ ಸೆಟೆದು ಸೆಟೆದು ಬೀಳುತ್ತಿದ್ದ. ಬಾಯಲ್ಲಿ ನೊರೆ. ದೊಡ್ಡ ಡಾಕ್ಟರು ಬರುವ ಹೊತ್ತಿಗೆ ಹೃದಯ ನಿಂತಿತ್ತು. ಅರ್ಧ ತಾಸು ಒತ್ತಿದರು. ಏಳಲಿಲ್ಲ.

ಮೂರು ಗಂಟೆಗೆ ಖಾನಾಪುರದ ಕಡೆಯಿಂದ ಜೀಪುಗಳು, ಕಾರುಗಳು ಬಂದವು. ಎಪ್ಪತ್ತು ಎಂಬತ್ತು ಜನ. ಕೆಳಗಿನ ಕೌಂಟರಿನ ಗಾಜು ಒಡೆದರು. ಕುರ್ಚಿಗಳನ್ನು ಬೀದಿಗೆ ಎಸೆದರು. ಔಷಧದಂಗಡಿಯ ಕಪಾಟನ್ನು ಅಡ್ಡ ಕೆಡವಿದರು. ಕಾವಲುಗಾರರು ಎಲ್ಲರನ್ನೂ ಅಂಗಳಕ್ಕೆ ತಳ್ಳಿ ಒಳಗಿನ ದಪ್ಪ ಗಾಜಿನ ಬಾಗಿಲಿಗೆ ಕೀಲಿ ಹಾಕಿಕೊಂಡರು. ಹೊರಗಿನಿಂದ ಕೇಳುತ್ತಿದ್ದ ಕೂಗು ಒಂದೇ: ಸೂಜಿ ಚುಚ್ಚಿದಾಕೀನ ಹೊರಗ ಕಳಸ್ರಿ.

ಮ್ಯಾನೇಜರನ ಕೋಣೆಯಲ್ಲಿ ದೊಡ್ಡ ಡಾಕ್ಟರು ನಿಂತಿದ್ದರು. ಮೇಟ್ರನ್ ಇದ್ದಳು. ಅನುಜಾ ಗೋಡೆಗೆ ಒರಗಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಮನಿಷಾಳನ್ನೂ ಕರೆಸಿದ್ದರು.

"ಪೊಲೀಸರು ಬರಾಕ ಇನ್ನೂ ತಡಾ ಐತಿ," ಎಂದ ಸಂಜಯ. "ಬಾಗಿಲಾ ತಡಿಯೂದಿಲ್ಲ."

ಸಂಜಯನ ಕಣ್ಣು ಅನುಜಾಳ ಮೇಲೆ ಹೋಯಿತು. ಅಲ್ಲಿಂದ ಸರಿದು ಮನಿಷಾಳ ಮೇಲೆ ಬಂತು. ಅಲ್ಲೇ ನಿಂತಿತು. ದೊಡ್ಡ ಡಾಕ್ಟರು ಕಿಟಕಿಯತ್ತ ತಿರುಗಿಕೊಂಡರು.

"ಬಾಳೇಶ ಇಕೀ ಹೆಸರಽ ಹೇಳಾಕತ್ತಾನ," ಎಂದ ಸಂಜಯ.

ಮೇಟ್ರನ್ ಹತ್ತಿರ ಬಂದು ಮನಿಷಾಳ ಬೆನ್ನ ಮೇಲೆ ಕೈ ಇಟ್ಟಳು. "ಹೊರಗ ಹೋಗಿ ಅವರಿಗೊಂದ ಮಾತ ಹೇಳಿ ಬಾ, ತಂಗಿ. ನಿಮ್ಮ ಊರವರಽ ಅದಾರಲ್ಲ."

ತಂಗಿ ಅಂದಳು. ನಲವತ್ತು ದಿನದಲ್ಲಿ ಒಮ್ಮೆಯೂ ಅಂದಿರಲಿಲ್ಲ. ಆಗ ಮನಿಷಾಳಿಗೆ ಅರ್ಥವಾಯಿತು. ಒಲ್ಲೆ ಎಂದಳು. ಮೇಜಿನ ಅಂಚು ಗಟ್ಟಿಯಾಗಿ ಹಿಡಿದಳು. ಸಂಜಯ ಮತ್ತು ಇಬ್ಬರು ಕಾವಲುಗಾರರು ಅವಳ ಬೆರಳು ಬಿಡಿಸಿದರು. ಎಳೆದುಕೊಂಡು ಹೋದರು. ಗಾಜಿನ ಬಾಗಿಲನ್ನು ಒಂದು ಗೇಣು ತೆರೆದು ಅವಳನ್ನು ಹೊರಗೆ ನೂಕಿದರು. ಹಿಂದೆ ಕೀಲಿ ತಿರುಗಿದ ಸದ್ದು ಕೇಳಿಸಿತು.

ಬಾಳೇಶ ಮೊದಲು ಹೊಡೆದ. ಬಾಯಿಗೆ. ಮುಂದಿನ ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಯಾರೋ ಸಲೈನಿನ ಕಬ್ಬಿಣದ ಸ್ಟ್ಯಾಂಡಿನಿಂದ ಹೆಗಲಿಗೆ ಹೊಡೆದರು. ಎಲುಬು ಮುರಿದದ್ದು ಅವಳಿಗೆ ಕೇಳಿಸಿತು. ಬಿದ್ದಳು. ಚಪ್ಪಲಿಗಳು, ಬೂಟುಗಳು. ಒಬ್ಬ ಹೆಂಗಸು ಅವಳ ಕಿವಿಯ ರಿಂಗು ಹಿಡಿದು ಎಳೆದಳು, ಕಿವಿ ಹರಿಯಿತು. ಯೂನಿಫಾರ್ಮು ಬೆನ್ನಿನಿಂದ ಸೊಂಟದವರೆಗೆ ಸೀಳಿತು. ಅವಳು ಹೊಟ್ಟೆಯನ್ನು ಮೊಣಕಾಲಿನಿಂದ ಮುಚ್ಚಿಕೊಂಡಳು. ತಲೆಯನ್ನು ಒಂದೇ ಕೈಯಿಂದ ಮುಚ್ಚಿಕೊಂಡಳು. ಸುತ್ತ ಮೊಬೈಲುಗಳನ್ನು ಎತ್ತಿ ಹಿಡಿದಿದ್ದರು. ಕಾಲುಗಳ ಸಂದಿಯಿಂದ ಗಾಜು ಕಾಣುತ್ತಿತ್ತು. ಗಾಜಿನ ಹಿಂದೆ ಅನುಜಾ ಬಾಯಿಗೆ ಎರಡೂ ಕೈ ಒತ್ತಿಕೊಂಡು ನಿಂತಿದ್ದಳು.

ಆ ವಿಡಿಯೊ ಅವತ್ತು ಸಂಜೆಗೆಲ್ಲ ಗುಂಜಿ ಮುಟ್ಟಿತು. ತಪ್ಪು ಸೂಜಿ ಚುಚ್ಚಿ ಗೌಡನನ್ನು ಕೊಂದ ನರ್ಸ್ ಎಂದು ಮೇಲೆ ಬರೆದಿತ್ತು. ಹಳಿಯ ಮೇಲೆ ಖಡಿ ತುಂಬುತ್ತಿದ್ದ ಕರೆಪ್ಪನಿಗೆ ಜೊತೆಯವನು ಮೊಬೈಲು ತೋರಿಸಿದ. ಕರೆಪ್ಪ ಬುಟ್ಟಿ ಅಲ್ಲೇ ಬಿಟ್ಟು ಓಡಿದ.

ಮೂರನೇ ದಿನ ಸರಕಾರಿ ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡಿಗೆ ಮೂವರು ಬಂದರು. ಸಂಜಯ. ಮೇಟ್ರನ್. ಸತ್ತ ಗೌಡನ ತಮ್ಮ ಗುರುಪುತ್ರಪ್ಪ. ಸಂಜಯನ ಕಂಕುಳಲ್ಲಿ ನೀಲಿ ಫೈಲಿತ್ತು.

ಮನಿಷಾ ದಿಂಬಿಗೆ ಒರಗಿ ಕೂತಿದ್ದಳು. ಎಡಗೈ ಎದೆಗೆ ಕಟ್ಟಿತ್ತು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಬಲಗೈಗೆ ಸಲೈನ್ ಹನಿಯುತ್ತಿತ್ತು. ಕಾಲ ಬಳಿ ಸಾವಂತ್ರವ್ವ ಕೂತಿದ್ದಳು. ಕರೆಪ್ಪ ಎದ್ದು ನಿಂತು ಕೈ ಮುಗಿದ. ಅವನಿಗೆ ರೂಢಿಯಾಗಿಬಿಟ್ಟಿತ್ತು.

"ನೋಡ ಮನಿಷಾ," ಎಂದ ಸಂಜಯ ಒಂದು ಕಾಗದ ಬಿಡಿಸುತ್ತ. "ಇದರ ಮ್ಯಾಲ ಸಹಿ ಮಾಡು. ಗಡಿಬಿಡ್ಯಾಗ ತಪ್ಪು ಇಂಜೆಕ್ಷನ್ ಕೊಟ್ಟೆ ಅಂತ ಐತಿ, ಅಷ್ಟಽ. ಗೌಡ್ರ ಮನಿಯವರು ಕೇಸ್ ಮಾಡೂದಿಲ್ಲ. ನಿನ್ನ ಸರ್ಟಿಫಿಕೇಟು ಈಗಿಂದೀಗ ಕೊಡತೇನಿ. ಬ್ಯಾರೆ ಊರಾಗ ಕೆಲಸಾ ನೋಡ್ಕೋ."

ಮುಂದಿನ ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಹೋಗುತ್ತಿತ್ತು. ಅವಳು ನಿಧಾನವಾಗಿ ಆಡಿದಳು.

"ನಾ ಅವರಿಗೆ ಸೂಜಿ ಮುಟ್ಟಿಸಿಲ್ರಿ."

"ಗೊತ್ತೈತಿ. ಆದ್ರ ಈಗ..."

"ಗೊತ್ತಿದ್ರ ಹಂಗಽ ಬರೀರಿ. ನಲವತ್ತು ದಿನ ಹೇಲು ಬಳಿಸಿದಿವಿ, ಸೂಜಿ ಮುಟ್ಟಾಕ ಬಿಡಲಿಲ್ಲ ಅಂತ ಬರೀರಿ. ಮುಟ್ಟಾಕ ಹೋದ್ರ ಹೊಡದ್ರು, ಆಮ್ಯಾಲ ನಾವು ಹೊರಗ ನೂಕಿ ಕೀಲಿ ಹಾಕಿದಿವಿ ಅಂತ ಬರೀರಿ. ಸಹಿ ಮಾಡತೇನಿ."

ಮೇಟ್ರನ್ ನೆಲ ನೋಡಿದಳು. ಗುರುಪುತ್ರಪ್ಪ ಮನಿಷಾಳ ಜೊತೆ ಮಾತಾಡಲಿಲ್ಲ. ಕರೆಪ್ಪನ ಕಡೆ ತಿರುಗಿದ.

"ಕರೆಪ್ಪಾ, ನಿನ್ನ ಮನಿ ಇರೂದು ಎಲ್ಲಿ?"

"ಗುಂಜ್ಯಾಗ್ರಿ ಸಾವಕಾರ."

"ಇನ್ನ ಮುಂದನೂ ಅಲ್ಲೇ ಇರಬೇಕಂತಿಯೋ, ಹೆಂಗ?"

ಕರೆಪ್ಪ ಸಂಜಯನ ಕೈಯಿಂದ ಪೆನ್ನು ತೆಗೆದುಕೊಂಡ. ಮಗಳ ಬಲಗೈ ಬೆರಳುಗಳ ನಡುವೆ ಇಟ್ಟ.

"ಮಾಡ ಬಿಡವ್ವಾ. ಜೀವ ಉಳದೈತಿ. ಸಾಕು."

ಅವಳು ಬೆರಳು ಬಿಚ್ಚಿದಳು. ಪೆನ್ನು ನೆಲಕ್ಕೆ ಬಿತ್ತು. ಕರೆಪ್ಪ ಬಗ್ಗಿ ಎತ್ತಿ ಮತ್ತೆ ಇಟ್ಟ. ಅವಳು ಮತ್ತೆ ಬಿಚ್ಚಿದಳು.

"ಒಲ್ಲೆ ಯಪ್ಪಾ."

ಅಷ್ಟು ಹೊತ್ತು ಬಾಯಿ ಬಿಡದ ಸಾವಂತ್ರವ್ವ ಆಗ ಎದ್ದಳು. ಗುರುಪುತ್ರಪ್ಪನ ಮುಂದೆ ಹೋಗಿ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ.

"ಸಾವಕಾರ, ನಿಮ್ಮ ಬಾಳೇಶ ಕಾಲ ಮುಂದಾಗಿ ಬಂದಿದ್ದ. ನಿಮ್ಮ ವೈನಿ ಸಾಯಾಕ ಬಿದ್ದಿದ್ರು. ಈ ಕೈ ಮೊಣಕೈ ತನಾ ಒಳಗ ಹಾಕಿ ತಿರಿವಿ ತಗದೇನಿ. ಹುಟ್ಟಿದಾಗ ಉಸರ ಇರಲಿಲ್ಲ ಅವಗ. ನನ್ನ ಬಾಯಿ ಅವನ ಬಾಯಿಗಿಟ್ಟು ಊದೇನಿ. ಆವಾಗ ಯಾರೂ ನನ್ನ ಜಾತಿ ಕೇಳಲಿಲ್ಲ. ಕೂಸು ಅತ್ತ ಮ್ಯಾಲ ಕೇಳಿದ್ರಿ."

"ಸಾಕ ಸುಮ್ಮನಾಗು."

"ಆವತ್ತ ಕೈ ಸಡ್ಲ ಬಿಟ್ಟಿದ್ರ ಇವತ್ತ ನನ್ನ ಮಗಳ ಹಲ್ಲ ಉಳೀತಿದ್ದು. ತಪ್ಪ ನಂದಽ ಐತಿ."

ಗುರುಪುತ್ರಪ್ಪ ಅವಳ ಕೆನ್ನೆಗೆ ಹೊಡೆದ. ಅರವತ್ತರ ಹೆಂಗಸು ಪಕ್ಕದ ಮಂಚದ ಕಂಬಿಗೆ ಬಡಿದು ಕೆಳಗೆ ಕೂತಳು.

ಮನಿಷಾ ಏನೂ ಯೋಚಿಸಲಿಲ್ಲ. ಬಲಗೈಯ ಸೂಜಿಯನ್ನು ಉಳಿದ ಹಲ್ಲಿನಿಂದ ಕಚ್ಚಿ ಕಿತ್ತಳು. ಮಂಚದಿಂದ ಇಳಿದಳು. ಸಲೈನಿನ ಸ್ಟ್ಯಾಂಡನ್ನು ಒಂದೇ ಕೈಯಲ್ಲಿ ಎತ್ತಿ ಬೀಸಿದಳು. ಬಾಟಲಿ ಹಾರಿ ಗೋಡೆಗೆ ಬಡಿಯಿತು. ಕಬ್ಬಿಣ ಗುರುಪುತ್ರಪ್ಪನ ಹಣೆಗೆ ಬಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಕುಸಿದು ಕೂತ. ಹುಬ್ಬಿನ ಮೇಲೆ ತೊಗಲು ಬಾಯಿ ಬಿಟ್ಟಿತ್ತು. ರಕ್ತ ಕಣ್ಣಿಗಿಳಿದು ಬಿಳಿ ಅಂಗಿಗೆ ಇಳಿಯಿತು.

ವಾರ್ಡಿನ ರೋಗಿಗಳೆಲ್ಲ ಎದ್ದು ಕೂತರು. ಮನಿಷಾ ಸ್ಟ್ಯಾಂಡ್ ಹಿಡಿದುಕೊಂಡೇ ಬಗ್ಗಿ ಗಾಯ ನೋಡಿದಳು.

"ಮೂರ ಹೊಲಿಗಿ ಬೀಳತಾವ," ಎಂದಳು.

ಆಮೇಲೆ ಸಂಜಯನ ಕಡೆ ತಿರುಗಿದಳು. "ಫೈಲ್ ಇಟ್ಟ ಹೋಗ್ರಿ."

ಸಂಜಯ ಫೈಲನ್ನು ಮಂಚದ ಮೇಲಿಟ್ಟ. ಸಹಿಗೆ ತಂದ ಕಾಗದ ಅವನ ಕೈಯಲ್ಲೇ ಉಳಿಯಿತು. ಸಾವಂತ್ರವ್ವನನ್ನು ಎಬ್ಬಿಸುತ್ತಿದ್ದ ಕರೆಪ್ಪ ಮಗಳನ್ನು ನೋಡಿದ. ಅವನ ಕೈ ಈ ಸಲ ಮುಗಿದಿರಲಿಲ್ಲ.

ಗುರುಪುತ್ರಪ್ಪನ ದೂರು ಅರ್ಧ ತಾಸಿನಲ್ಲಿ ದಾಖಲಾಯಿತು. ಮನಿಷಾಳ ದೂರು ಐದು ದಿನ ದಾಖಲಾಗಲಿಲ್ಲ. ಸಾಹೇಬರಿಲ್ಲ, ನಾಳೆ ಬಾ, ಕಂಪ್ಯೂಟರು ಕೆಟ್ಟಿದೆ. ಆರನೇ ದಿನ ದಲಿತ ಸಂಘದ ಹೆಂಗಸರು ಠಾಣೆಯ ಮುಂದೆ ಕೂತರು. ಅವಳ ಕಾಲೇಜಿನ ಹನ್ನೊಂದು ನರ್ಸುಗಳು ಯೂನಿಫಾರ್ಮಿನಲ್ಲೇ ಬಂದು ಕೂತರು. ಮಧ್ಯಾಹ್ನದ ಹೊತ್ತಿಗೆ ಒಂದು ಸ್ಕೂಟರು ಬಂತು. ಆದಿನಾಥ ರಸ್ತೆಯ ಆಚೆಯೇ ನಿಂತ. ಅನುಜಾ ಇಳಿದು ಒಳಗೆ ಹೋದಳು.

"ಇನ್ಸುಲಿನ್ ಕೊಟ್ಟಾಕಿ ನಾನು," ಎಂದಳು ಇನ್‌ಸ್ಪೆಕ್ಟರನ ಮುಂದೆ. "ಡಾಕ್ಟರು ಫೋನಿನ್ಯಾಗ ಹೇಳಿದ್ರು. ಮೂವತ್ತೊಂದು ಪೇಶಂಟಿಗೆ ನಾ ಒಬ್ಬಾಕಿ ಇದ್ದೆ. ಮನಿಷಾಗ ಒಂದ ದಿನಾನೂ ಟ್ರೇ ಕೊಟ್ಟಿಲ್ಲ. ಡ್ಯೂಟಿ ಪಟ್ಟಿ ತರಸ್ರಿ. ಅಕೀ ಹೆಸರು ಕಸಾ ಹೊಡಿಯೋ ಝಾಡಮಾಲಿಯವರ ಪಟ್ಟ್ಯಾಗ ಐತಿ."

ಪಟ್ಟಿ ತರಿಸಿದರು. ಹಾಗೇ ಇತ್ತು. ಬಾಳೇಶ, ಸಂಜಯ, ಮೇಟ್ರನ್ ಮೂವರ ಮೇಲೂ ಜಾತಿ ದೌರ್ಜನ್ಯದ ಕೇಸಾಯಿತು. ದೊಡ್ಡ ಡಾಕ್ಟರ ಹೆಸರು ಮಾತ್ರ ಬಿಟ್ಟುಹೋಯಿತು.

ಠಾಣೆಯ ಮೆಟ್ಟಿಲ ಮೇಲೆ ಅನುಜಾ ಅವಳ ಕೈ ಹಿಡಿಯಲು ಬಂದಳು. ಮನಿಷಾ ಕೊಡಲಿಲ್ಲ.

"ಗಾಜಿನ ಹಿಂದ ನಿಂತಿದ್ದಿ ನೀ."

"ಹೌದು," ಎಂದಳು ಅನುಜಾ. "ನಿಂತಿದ್ದೆ."

ಆಮೇಲೆ ಮನಿಷಾ ಮೆಟ್ಟಿಲ ಮೇಲೆ ಕೂತು, ಬಾಜುವಿಗೆ ಜಾಗ ಬಿಟ್ಟಳು.

ಗುಂಜಿಯಲ್ಲಿ ಅವರ ಮನೆಯ ಹೆಂಚು ಒಡೆದರು. ಅಂಗಡಿಯಲ್ಲಿ ಎಣ್ಣೆ ಕೊಡಲಿಲ್ಲ. ಗುತ್ತಿಗೆದಾರ ಕರೆಪ್ಪನನ್ನು ಕೆಲಸದ ಗುಂಪಿನಿಂದ ತೆಗೆದ. ಕರೆಪ್ಪ ಊರು ಬಿಡಲಿಲ್ಲ. ಹೊಸ ಹೆಂಚು ತಾನೇ ಹೊತ್ತು ತಂದು ಹೊದಿಸಿದ. ಹಳಿ ಎತ್ತುವ ಹಾರೆಯೊಂದನ್ನು ಹೊಸಲಿಗೆ ಅಡ್ಡ ಇಟ್ಟುಕೊಂಡು ಹಗಲೆಲ್ಲ ಬಾಗಿಲಲ್ಲೇ ಕೂತಿರುತ್ತಿದ್ದ. ಬಾಳೇಶ ಎರಡು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಹೊರಬಂದ. ಕೇಸು ಇನ್ನೂ ನಡೆದಿದೆ. ಮನಿಷಾಳ ಮೇಲಿನದೂ ನಡೆದಿದೆ. ತಾರೀಖು ತಾರೀಖಿಗೆ ಅವಳು ಕೋರ್ಟಿಗೆ ಹೋಗುತ್ತಾಳೆ.

ಎಂಟು ತಿಂಗಳ ಮೇಲೆ ಸರಕಾರಿ ಗುತ್ತಿಗೆ ನರ್ಸುಗಳ ಸಂದರ್ಶನ ಬಂತು. ಖಾನಾಪುರ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಆ ಕೆಲಸ ಅವಳಿಗೆ ಸಿಕ್ಕಿತು. ಈಗ ಅಲ್ಲೇ ಇದ್ದಾಳೆ, ಟ್ರೇ ಅವಳ ಕೈಯಲ್ಲೇ ಇದೆ. ಆದರೆ ಅವತ್ತು ಸಂದರ್ಶನ ಮಾಡುವ ಮೂವರ ಮುಂದೆ ಕೂತಾಗ ಸಿಗುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಹಲ್ಲು ಕಟ್ಟಿಸಿರಲಿಲ್ಲ. ಮುರಿದ ಹೆಗಲು ಒಂದಿಷ್ಟು ಕೆಳಗೆ ಇಳಿದೇ ಇತ್ತು. ನಡುವೆ ಕೂತ ಅಧಿಕಾರಿ ಅವಳ ಅರ್ಜಿ ಎರಡು ಸಲ ಓದಿದರು.

"ಹಿಂದಿನ ದವಾಖಾನಿ ಯಾಕ ಬಿಟ್ರಿ?"

"ನಾ ಬಿಟ್ಟಿಲ್ರಿ. ಹೊರಗ ನೂಕಿ ಬಾಗಿಲಾ ಹಾಕಿದ್ರು."

"ನಿಮ್ಮ ಮ್ಯಾಲ ಕೇಸ್ ಐತಿ ಅಂತ ಬರದೀರಿ. ಏನ ಕೇಸು?"

"ಒಬ್ಬನ ತಲಿ ಒಡದೇನ್ರಿ. ನಮ್ಮವ್ವನ ಹೊಡದಿದ್ದ."

ಅಧಿಕಾರಿ ಬಾಜುವಿನವರ ಮುಖ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗ ಅದಕ್ಕ ಕೆಟ್ಟ ಅನಸತೈತೇನು?"

"ಇಲ್ರಿ."

ಮೂವರಲ್ಲಿ ಒಬ್ಬರು ಪೆನ್ನಿನ ಮುಚ್ಚಳ ಹಾಕಿದರು. ಮನಿಷಾ ಎದ್ದು ಹೋಗಲಿಲ್ಲ. ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಮುಂದಿನ ಪ್ರಶ್ನಿ ಕೇಳ್ರಿ," ಎಂದಳು.